ಮೀಸೆ ಅಂಟಿಸಿದರೆ ಮೆಕ್ಸಿಕನ್ ಆಗುವುದಿಲ್ಲ

ಗೆಳೆಯರೇ, ಮೊದಲು ಒಂದು ಪ್ರಶ್ನೆ.

ಒಬ್ಬ ನಿರ್ದೇಶಕನಿದ್ದಾನೆ. ಅವನಿಗೆ ಒಂದು ಭಾಷೆ ಬರುವುದಿಲ್ಲ. ಅದೇ ಭಾಷೆಯಲ್ಲಿ ಎರಡು ತಾಸಿನ ಚಿತ್ರ ಮಾಡುತ್ತಾನೆ. ಕಥೆ ನಡೆಯುವ ದೇಶಕ್ಕೆ ಹೋಗಿ ಮಾಡುವುದಿಲ್ಲ, ತನ್ನ ಊರಿನ ಸ್ಟುಡಿಯೋದಲ್ಲಿ ಸೆಟ್ ಹಾಕಿಸಿ ಮಾಡುತ್ತಾನೆ. ಮುಖ್ಯ ಪಾತ್ರಧಾರಿಗಳಲ್ಲಿ ಆ ದೇಶದವರು ಒಬ್ಬರೇ ಒಬ್ಬರು. ಆ ದೇಶದ ಮನೆಮನೆಯ ಗೋಳನ್ನು ಎತ್ತಿಕೊಂಡು ಅದಕ್ಕೆ ಹಾಡು-ಕುಣಿತ ಹೊಂದಿಸುತ್ತಾನೆ. ಇಂಥ ಚಿತ್ರಕ್ಕೆ ಏನು ಸಿಗಬೇಕು?

ಆಸ್ಕರ್‌ಗೆ 13 ನಾಮನಿರ್ದೇಶನ ಸಿಕ್ಕಿತು!

ಚಿತ್ರ ‘ಎಮಿಲಿಯಾ ಪೆರೆಸ್’. ನಿರ್ದೇಶಕ ಫ್ರಾನ್ಸಿನ ಜಾಕ್ ಓಡಿಯಾರ್. ಕಥೆ ಮೆಕ್ಸಿಕೋದ್ದು, ಮಾತು ಬಹುಪಾಲು ಸ್ಪ್ಯಾನಿಷ್, ಚಿತ್ರೀಕರಣದ ದೊಡ್ಡ ಭಾಗ ಪ್ಯಾರಿಸ್ ಪಕ್ಕದ ಸ್ಟುಡಿಯೋದಲ್ಲಿ. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. 2025ರ ಆಸ್ಕರ್‌ನಲ್ಲಿ ಇಂಗ್ಲಿಷೇತರ ಚಿತ್ರವೊಂದಕ್ಕೆ ಹಿಂದೆಂದೂ ಸಿಗದಷ್ಟು ನಾಮನಿರ್ದೇಶನ ಗಿಟ್ಟಿಸಿ, ಕೊನೆಗೆ ಎರಡು ಪ್ರಶಸ್ತಿ ಹೊತ್ತುಕೊಂಡು ಹೋಯಿತು. ಹೊರಗಿನವರು ಚಪ್ಪಾಳೆ ತಟ್ಟುತ್ತಿದ್ದರು. ಮೆಕ್ಸಿಕೋ ಹಲ್ಲು ಕಡಿಯುತ್ತಿತ್ತು.

ಯಾಕೆ ಎಂದು ಕೇಳುತ್ತೀರಾ? ಮಾದಕ ದಂಧೆಯ ದೊರೆಯೊಬ್ಬ ಹೆಣ್ಣಾಗಿ ಬದಲಾಗಿ, ಹೊಸ ಬದುಕು ಕಟ್ಟಿಕೊಂಡು, ನಾಪತ್ತೆಯಾದವರನ್ನು ಹುಡುಕುವ ಸಂಸ್ಥೆ ಶುರು ಮಾಡುವುದು ಈ ಚಿತ್ರದ ಕಥೆ. ಮೆಕ್ಸಿಕೋದಲ್ಲಿ ನಾಪತ್ತೆ ಎಂಬುದು ಸಿನಿಮಾ ಕಥೆಯಲ್ಲ. ಸರ್ಕಾರದ ದಾಖಲೆಯಲ್ಲೇ 2022ರ ಹೊತ್ತಿಗೆ ನಾಪತ್ತೆಯಾದವರ ಸಂಖ್ಯೆ 1 ಲಕ್ಷ ದಾಟಿತ್ತು. ಅಲ್ಲಿ ತಾಯಂದಿರು ಗುಂಪು ಕಟ್ಟಿಕೊಂಡು, ಗುದ್ದಲಿ ಸಲಾಕೆ ಹಿಡಿದು, ಬಯಲಲ್ಲಿ ನೆಲ ಅಗೆದು ಮಗನ ಮೂಳೆ ಹುಡುಕುತ್ತಾರೆ. ಆ ತಾಯಿಯ ಸಂಕಟವನ್ನು ಅವಳ ಮಾತು ಅರ್ಥವಾಗದವನು ತೆರೆಗೆ ತಂದ. ಮೆಕ್ಸಿಕೋದ ಬಗ್ಗೆ ಹೆಚ್ಚೇನೂ ಅಧ್ಯಯನ ಮಾಡಲಿಲ್ಲ ಎಂದು ತಾನೇ ಹೇಳಿಕೊಂಡ. ಗಲಾಟೆ ಜೋರಾದ ಮೇಲೆ ಕ್ಷಮೆಯ ಮಾತು ಬಂತು.

ಇದಕ್ಕೆ ಮೆಕ್ಸಿಕೋದ ಹುಡುಗರು ಕೊಟ್ಟ ಉತ್ತರ ಕೇಳಿ, ನಿಮಗೆ ಖುಷಿಯಾಗುತ್ತದೆ. ಕಮಿಲಾ ಅರೋರಾ ಎಂಬಾಕೆ 2025ರ ಜನವರಿಯಲ್ಲಿ ‘ಜೊಹಾನ್ ಸಕ್ರೆಬ್ಲೂ’ ಎಂಬ ಅರ್ಧ ತಾಸಿನ ಚಿತ್ರ ಮಾಡಿ ಅಂತರ್ಜಾಲಕ್ಕೆ ಬಿಟ್ಟರು. ಕಥೆ ಫ್ರಾನ್ಸಿನದು, ಚಿತ್ರೀಕರಣ ಮೆಕ್ಸಿಕೋದಲ್ಲಿ, ತಂಡದಲ್ಲಿ ಫ್ರೆಂಚರು ಒಬ್ಬರೂ ಇಲ್ಲ! ಒಂದು ಮನೆತನ ಉದ್ದ ಬ್ರೆಡ್ಡಿನದು, ಇನ್ನೊಂದು ಮನೆತನ ಕ್ರೊಸಾಂಟಿನದು, ಎರಡಕ್ಕೂ ಜಗಳ, ನಡುವೆ ಪ್ರೀತಿ. ಎಲ್ಲರಿಗೂ ಪಟ್ಟೆ ಅಂಗಿ, ತಲೆಗೆ ಟೋಪಿ, ಬರೆದ ಮೀಸೆ, ಬೇಕೆಂದೇ ಕೆಡಿಸಿದ ಫ್ರೆಂಚ್. ಕಲ್ಲೆಸೆಯಲಿಲ್ಲ, ಬಸ್ಸು ಸುಡಲಿಲ್ಲ. ಕನ್ನಡಿ ತಿರುಗಿಸಿ ಹಿಡಿದರು ಅಷ್ಟೆ. ಲಕ್ಷಗಟ್ಟಲೆ ಜನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೊಂಬಾಯಿಯ ಚಿತ್ರಗಳಲ್ಲಿ ವಿಂಧ್ಯದ ಕೆಳಗಿನವರೆಲ್ಲ ‘ಮದ್ರಾಸಿ’ಗಳಾಗಿ, ಲುಂಗಿ ಉಟ್ಟು ಅಯ್ಯಯ್ಯೋ ಎಂದದ್ದನ್ನು ನೋಡಿ ಹೊಟ್ಟೆ ಉರಿದುಕೊಂಡಿರುವ ನಿಮಗೆ ಈ ನಗು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದು ಒಬ್ಬ ಫ್ರೆಂಚ್ ನಿರ್ದೇಶಕನ ತಪ್ಪು ಎಂದುಕೊಂಡು ಪುಟ ಮಗುಚಬೇಡಿ. ಈ ರೋಗಕ್ಕೆ ನೂರು ವರ್ಷ ದಾಟಿದೆ. ಹಾಲಿವುಡ್ ಇನ್ನೂ ಮೂಕಿ ಚಿತ್ರ ತೆಗೆಯುತ್ತಿದ್ದಾಗಲೇ ಮೆಕ್ಸಿಕನ್ ಎಂದರೆ ಕಳ್ಳ, ಕುಡುಕ, ಬೆನ್ನಿಗೆ ಚೂರಿ ಹಾಕುವವನು. ಅವನಿಗೆ ಇಟ್ಟ ಹೆಸರು ‘ಗ್ರೀಸರ್’, ಅಂದರೆ ಜಿಡ್ಡು ಮೈಯವನು. ಚಿತ್ರದ ಶೀರ್ಷಿಕೆಯಲ್ಲೇ ಈ ಬೈಗುಳ ರಾಜಾರೋಷವಾಗಿ ಇರುತ್ತಿತ್ತು. 1922ರಲ್ಲಿ ಮೆಕ್ಸಿಕೋ ಸರ್ಕಾರಕ್ಕೆ ಸಾಕಾಗಿ ಹೋಯಿತು. ಅಧ್ಯಕ್ಷ ಆಲ್ವಾರೊ ಒಬ್ರೆಗಾನ್ ಕಾಲ ಅದು. ಮೆಕ್ಸಿಕನ್ನರನ್ನು ಹೀನವಾಗಿ ತೋರಿಸುವ ಆ ಒಂದು ಚಿತ್ರಕ್ಕಷ್ಟೇ ಅಲ್ಲ, ಅದನ್ನು ಮಾಡಿದ ಕಂಪನಿಯ ಎಲ್ಲ ಚಿತ್ರಗಳಿಗೂ ದೇಶದೊಳಗೆ ಪ್ರವೇಶವಿಲ್ಲ ಎಂದು ಬಾಗಿಲು ಹಾಕಿದರು. ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿದ್ದಾಗ ಹಾಲಿವುಡ್ ಮಹಾಶಯರು ಮಾತುಕತೆಗೆ ಓಡಿ ಬಂದರು. ಮರ್ಯಾದೆ ಹೇಳಿದರೆ ಕೇಳದವರು ಲೆಕ್ಕ ಹೇಳಿದರೆ ಕೇಳುತ್ತಾರೆ.

ಬೈಗುಳ ಕಡಿಮೆಯಾಯಿತು. ಆಮೇಲೆ ಬಂದದ್ದು ಬಣ್ಣ. 1958ರ ‘ಟಚ್ ಆಫ್ ಈವಿಲ್’ ಚಿತ್ರದಲ್ಲಿ ಚಾರ್ಲ್‌ಟನ್ ಹೆಸ್ಟನ್‌ಗೆ ಕಂದು ಬಣ್ಣ ಬಳಿದು, ಮೀಸೆ ಇಟ್ಟು ಮೆಕ್ಸಿಕನ್ ಅಧಿಕಾರಿ ಮಾಡಿದರು. 1961ರ ‘ವೆಸ್ಟ್ ಸೈಡ್ ಸ್ಟೋರಿ’ ನ್ಯೂಯಾರ್ಕಿಗೆ ವಲಸೆ ಬಂದ ಪೋರ್ಟೊ ರಿಕೋದವರ ಕಥೆ. ನಾಯಕಿ ಮರಿಯಾ ಆದವರು ನಟಾಲಿ ವುಡ್. ಆಕೆಗೂ ಪೋರ್ಟೊ ರಿಕೋಗೂ ಸಂಬಂಧವೇ ಇಲ್ಲ. ಅಣ್ಣನ ಪಾತ್ರ ಗ್ರೀಕ್ ಮೂಲದ ಜಾರ್ಜ್ ಚಕಿರಿಸ್‌ಗೆ. ಆ ಗುಂಪಿನ ಮುಖ್ಯ ಪಾತ್ರಗಳಲ್ಲಿ ನಿಜವಾದ ಪೋರ್ಟೊ ರಿಕೋದವರು ರೀಟಾ ಮೊರೆನೊ. ಅಲ್ಲೇ ಹುಟ್ಟಿ ಐದನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದವರು. ಅವರ ಮುಖಕ್ಕೂ ಅದೇ ಕೆಸರು ಬಣ್ಣ! ನನ್ನ ಮೈಬಣ್ಣ ಇದಲ್ಲ ಎಂದು ಆಕೆ ಹೇಳಿದಾಗ, ನೀನೇನು ಜನಾಂಗದ್ವೇಷಿಯೇ ಎಂದು ಮೇಕಪ್ ಮಾಡುವಾತ ಕೇಳಿದನಂತೆ. ನಿಜವಾದ ಪೋರ್ಟೊ ರಿಕೋದವಳಿಗೆ ಪೋರ್ಟೊ ರಿಕೋದವಳಾಗಲು ಬಣ್ಣ ಸಾಲದು ಎನ್ನುವ ಕಾಲ. ಆ ಪಾತ್ರಕ್ಕೆ ಮೊರೆನೊ ಅವರಿಗೆ ಆಸ್ಕರ್ ಬಂತು. ಆಮೇಲೆ ವರ್ಷಗಟ್ಟಲೆ ಬಂದದ್ದೆಲ್ಲ ಅದೇ ಬಗೆಯ ಪುಡಿಗುಂಪಿನ ಹುಡುಗಿಯ ಪಾತ್ರಗಳು ಎಂದು ಆಕೆಯೇ ನೊಂದು ಹೇಳಿಕೊಂಡಿದ್ದಾರೆ.

ಬಣ್ಣವಾದರೂ ಕಣ್ಣಿಗೆ ಕಾಣುತ್ತದೆ, ಫೋಟೋ ತೋರಿಸಿ ಬೈಯಬಹುದು. ಕಣ್ಣಿಗೆ ಕಾಣದ ಇನ್ನೊಂದು ಮೋಸವಿದೆ. ಅದು ಕಿವಿಗೆ ಆಗುವ ಮೋಸ. ಭಾಷೆಯ ವಿಷಯದಲ್ಲಿ ಕಿವಿ ಚುರುಕಿರುವ ನೀವು ಇದನ್ನು ಗಮನವಿಟ್ಟು ಕೇಳಬೇಕು.

ಟಾಕಿ ಬಂದ ಹೊಸತರಲ್ಲಿ, 1930ರ ಆಸುಪಾಸಿನಲ್ಲಿ, ಡಬ್ಬಿಂಗ್ ಇನ್ನೂ ಕೈಗೆ ಹತ್ತಿರಲಿಲ್ಲ. ಸ್ಪ್ಯಾನಿಷ್ ಜಗತ್ತಿನ ದುಡ್ಡನ್ನು ಬಿಡಲು ಹಾಲಿವುಡ್‌ಗೆ ಮನಸ್ಸಿಲ್ಲ. ಏನು ಮಾಡಿದರು ಗೊತ್ತೇ? ಒಂದೇ ಚಿತ್ರವನ್ನು ಎರಡೆರಡು ಸಲ ತೆಗೆದರು. 1931ರ ‘ಡ್ರಾಕುಲಾ’ ಹಗಲು ಹೊತ್ತು ಇಂಗ್ಲಿಷಿನಲ್ಲಿ, ರಾತ್ರಿ ಹೊತ್ತು ಅದೇ ಸೆಟ್ಟಿನಲ್ಲಿ ಬೇರೆ ನಟರಿಂದ ಸ್ಪ್ಯಾನಿಷಿನಲ್ಲಿ. ರಾತ್ರಿ ಪಾಳಿಯ ನಿರ್ದೇಶಕ ಜಾರ್ಜ್ ಮೆಲ್ಫರ್ಡ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಪಕ್ಕದಲ್ಲಿ ದುಭಾಷಿ ಇಟ್ಟುಕೊಂಡು ಕೆಲಸ ಮಾಡಿದ. ಓಡಿಯಾರ್ ಮಹಾಶಯರಿಗೆ ಹೀಗೆ ತೊಂಬತ್ತು ವರ್ಷಕ್ಕೂ ಹಿಂದಿನ ಒಬ್ಬ ಹಿರಿಯಣ್ಣ ಇದ್ದಾನೆ. ತಮಾಷೆಯೆಂದರೆ, ಕ್ಯಾಮೆರಾ ಕೆಲಸದಲ್ಲಿ ರಾತ್ರಿಯ ಡ್ರಾಕುಲಾವೇ ಮೇಲು ಎನ್ನುವ ವಿಮರ್ಶಕರು ಇಂದಿಗೂ ಇದ್ದಾರೆ. ಲಾರೆಲ್ ಮತ್ತು ಹಾರ್ಡಿ ಜೋಡಿಯಂತೂ ಒಂದಕ್ಷರ ಸ್ಪ್ಯಾನಿಷ್ ತಿಳಿಯದೆ, ಕರಿಹಲಗೆಯ ಮೇಲೆ ಉಚ್ಚಾರಣೆ ಬರೆಸಿಕೊಂಡು ಓದಿ ಓದಿ ಒಪ್ಪಿಸಿದರು.

ಈ ರಾತ್ರಿ ಪಾಳಿಯ ಚಿತ್ರಗಳಲ್ಲಿ ಅಪ್ಪನ ಮಾತು ಸ್ಪೇನಿನದು, ಮಗಳದು ಮೆಕ್ಸಿಕೋದ್ದು, ಪ್ರಿಯಕರನದು ಅರ್ಜೆಂಟೀನಾದ್ದು! ಎಲ್ಲರೂ ಒಂದೇ ಮನೆಯವರು! ಹಾಲಿವುಡ್‌ಗೆ ಕೇಳಿಸಿದ್ದು ಒಂದೇ ಸ್ಪ್ಯಾನಿಷ್. ಜನರಿಗೆ ಕೇಳಿಸಿದ್ದು ಕಲಬೆರಕೆ. ಯಾವ ಸ್ಪ್ಯಾನಿಷ್ ಶುದ್ಧ, ಯಾವುದು ತೆರೆಗೆ ತಕ್ಕದ್ದು ಎಂದು ಸ್ಪೇನಿನವರೂ ಲ್ಯಾಟಿನ್ ಅಮೆರಿಕದವರೂ ಪತ್ರಿಕೆಗಳಲ್ಲಿ ಕಿತ್ತಾಡಿದರು. ಆ ಜಗಳಕ್ಕೆ ‘ಉಚ್ಚಾರಣೆಗಳ ಯುದ್ಧ’ ಎಂದೇ ಹೆಸರು ಬಿತ್ತು. ಡ್ರಾಕುಲಾದಲ್ಲಿ ನಾಯಕಿಯಾಗಿದ್ದ ಲುಪಿತಾ ತೋವಾರ್ ಮೆಕ್ಸಿಕೋಗೆ ಹಿಂತಿರುಗಿ, 1932ರಲ್ಲಿ ತೆರೆಕಂಡ ‘ಸಾಂತಾ’ ಚಿತ್ರದಲ್ಲಿ ತನ್ನ ದೇಶದ ಮಾತಿನಲ್ಲೇ ನಟಿಸಿದರು. ಮೆಕ್ಸಿಕೋದ ಟಾಕಿ ಯುಗ ಅಲ್ಲಿಂದ ಎದ್ದು ನಿಂತಿತು.

ಈಗ ನಿಮ್ಮಲ್ಲಿ ಬಹಳ ಜನ ರಾತ್ರಿಯಿಡೀ ಕೂತು ನೋಡಿದ ‘ನಾರ್ಕೋಸ್’ಗೆ ಬರೋಣ. 2015ರಲ್ಲಿ ನೆಟ್‌ಫ್ಲಿಕ್ಸ್ ಬಿಟ್ಟ ಧಾರಾವಾಹಿ. ಕೊಲಂಬಿಯಾದ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್ ಕಥೆ. ಎಸ್ಕೊಬಾರ್ ಆದವರು ಬ್ರೆಜಿಲಿನ ವಾಗ್ನರ್ ಮೌರಾ. ಬ್ರೆಜಿಲಿನ ಭಾಷೆ ಪೋರ್ಚುಗೀಸ್. ಮೌರಾ ಈ ಪಾತ್ರಕ್ಕಾಗಿಯೇ ಮೆಡಲಿನ್ ನಗರಕ್ಕೆ ಹೋಗಿ ಸ್ಪ್ಯಾನಿಷ್ ಕಲಿತರು. ಅವರ ಶ್ರಮಕ್ಕೆ ನಮಸ್ಕಾರ, ನಟನೆಯಲ್ಲೂ ಕಡಿಮೆಯಿಲ್ಲ. ಆದರೆ ಮೆಡಲಿನ್ ಜನರ ಮಾತಿಗೆ ಒಂದು ರಾಗವಿದೆ, ‘ಪೈಸಾ’ ಎಂದು ಅದಕ್ಕೆ ಹೆಸರು. ‘ನೀನು’ ಎನ್ನಲು ಅವರು ಬಳಸುವ ಪದವೇ ಬೇರೆ. ಎಸ್ಕೊಬಾರ್ ಆ ರಾಗದ ಮನುಷ್ಯ. ತೆರೆಯ ಮೇಲಿನವನ ಬಾಯಲ್ಲಿ ಪೋರ್ಚುಗೀಸ್ ವಾಸನೆ ಬಂದಾಗ ಕೊಲಂಬಿಯಾದ ಮನೆಗಳಲ್ಲಿ ನಗು ಎದ್ದಿತು. ಸುತ್ತಲಿನ ಕೊಲಂಬಿಯನ್ನರ ಪಾತ್ರಗಳಲ್ಲೂ ಹತ್ತು ದೇಶದ ಉಚ್ಚಾರಣೆ. ಧಾರವಾಡದ ಗೌಡನ ಪಾತ್ರಕ್ಕೆ ಮಂಗಳೂರು ಕನ್ನಡ, ಅವನ ತಮ್ಮನಿಗೆ ಮಂಡ್ಯದ್ದು ಹಚ್ಚಿದರೆ ನೀವು ಎಷ್ಟು ಹೊತ್ತು ಗಂಭೀರವಾಗಿ ಕೂರುತ್ತೀರಿ?

ಅದೇ ಎಸ್ಕೊಬಾರ್ ಕಥೆಯನ್ನು ಕೊಲಂಬಿಯಾದವರು ಮೂರು ವರ್ಷ ಮೊದಲೇ, 2012ರಲ್ಲಿ, ತಾವೇ ಮಾಡಿದ್ದರು. ‘ಎಸ್ಕೊಬಾರ್, ಎಲ್ ಪತ್ರೋನ್ ದೆಲ್ ಮಾಲ್’ ಎಂದು. ಅಂದರೆ ‘ಕೇಡಿನ ಧಣಿ’. ಅದನ್ನು ಮಾಡಿಸಿದವರು ಇಬ್ಬರು. ಒಬ್ಬರು ಕಮಿಲೊ ಕಾನೊ. ಇವರ ತಂದೆ ಗಿಲ್ಲೆರ್ಮೊ ಕಾನೊ ‘ಎಲ್ ಎಸ್ಪೆಕ್ತದೋರ್’ ಪತ್ರಿಕೆಯ ಸಂಪಾದಕ, ದಂಧೆಕೋರರ ವಿರುದ್ಧ ಬರೆದ ತಪ್ಪಿಗೆ 1986ರಲ್ಲಿ ಎಸ್ಕೊಬಾರ್‌ನ ಗುಂಡಿಗೆ ಬಲಿಯಾದವರು. ಇನ್ನೊಬ್ಬರು ಹುವಾನಾ ಉರಿಬೆ. ಇವರ ತಾಯಿಯನ್ನು 1990ರಲ್ಲಿ ಅದೇ ಗುಂಪು ಅಪಹರಿಸಿ ತಿಂಗಳುಗಟ್ಟಲೆ ಒತ್ತೆ ಇಟ್ಟುಕೊಂಡಿತ್ತು. ಒಂದೇ ಮನುಷ್ಯನ ಕಥೆ, ಎರಡು ಧಾರಾವಾಹಿ. ‘ನಾರ್ಕೋಸ್’ನಲ್ಲಿ ಕಥೆ ಹೇಳುವ ದನಿ ಅಮೆರಿಕದ ಪೊಲೀಸನದು, ಅದೂ ಇಂಗ್ಲಿಷಿನಲ್ಲಿ. ಕೊಲಂಬಿಯಾದ ಧಾರಾವಾಹಿ ಮಾಡಿಸಿದವರು ತಂದೆಯ ರಕ್ತ ಕಂಡವರು. ಜಗತ್ತಿನಲ್ಲೆಲ್ಲ ಹೆಸರಾದದ್ದು ಯಾವುದು, ನಿಮಗೆ ಗೊತ್ತೇ ಇದೆ.

ನಮ್ಮ ಅನುಮಾನ ಇಲ್ಲೇ ಇದೆ. ಮಾತು ಯಾರದು ಎಂದು ತೀರ್ಮಾನ ಮಾಡುವ ಕುರ್ಚಿಯಲ್ಲಿ ಆ ಮಾತು ಬಲ್ಲವನು ಕೂತಿಲ್ಲ. ಕೂತವನಿಗೆ ಕಿವಿಯೇ ಇಲ್ಲದಿದ್ದರೆ ತಪ್ಪು ಉಚ್ಚಾರಣೆ ಅವನಿಗೆ ಹೇಗೆ ಕೇಳಿಸೀತು? ಬಣ್ಣ ಕಂದಾಗಿದೆಯೇ, ಹೆಸರು ಗಾರ್ಸಿಯಾನೋ ಗೋಮೆಸ್ಸೋ ಆಗಿದೆಯೇ, ಸಾಕು. ‘ಲ್ಯಾಟಿನೊ’ ಸಿಕ್ಕಿದ!

ಈ ‘ಲ್ಯಾಟಿನೊ’ ಎಂಬ ಪದವೂ ಒಂದು ವಿಚಿತ್ರ ಚೀಲ. ಸ್ಪ್ಯಾನಿಷ್ ಆಡುವ 18 ದೇಶ, ಮೇಲೆ ಪೋರ್ಟೊ ರಿಕೋ, ಪೋರ್ಚುಗೀಸ್ ಆಡುವ ಬ್ರೆಜಿಲ್. ಅವುಗಳೊಳಗೆ ಕೆಚುವಾ, ನಾವಾತ್ಲ್, ಮಾಯಾ, ಮಿಶ್ಟೆಕ್ ಆಡುವ ಮೂಲನಿವಾಸಿಗಳು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು. ಬಸ್ಸಿಗೇ ಮೆಕ್ಸಿಕೋದಲ್ಲಿ ಕಮಿಯೋನ್, ಕ್ಯೂಬಾದಲ್ಲಿ ಗ್ವಾಗ್ವಾ, ಬ್ಯೂನಸ್ ಐರಿಸ್‌ನಲ್ಲಿ ಕೊಲೆಕ್ತಿವೊ. ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದು ಅಮೆರಿಕದ ಕಾಗದಪತ್ರ. 1980ರ ಜನಗಣತಿಯಲ್ಲಿ ‘ಹಿಸ್ಪಾನಿಕ್’ ಎಂಬ ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಕೇಳಿದರು. 2000ದ ಗಣತಿಗೆ ‘ಲ್ಯಾಟಿನೊ’ ಸೇರಿತು. ಚೀಲ ಒಂದೇ ಆದ್ದರಿಂದ ಹಾಲಿವುಡ್‌ಗೂ ಸುಲಭ. ಕೈ ಹಾಕು, ಸಿಕ್ಕವನನ್ನು ಎತ್ತು.

ಎತ್ತುವುದೂ ಎಷ್ಟು ಜನರನ್ನು? 2020ರ ಜನಗಣತಿಯಂತೆ ಅಮೆರಿಕದಲ್ಲಿ ಲ್ಯಾಟಿನೊಗಳು 6 ಕೋಟಿ 21 ಲಕ್ಷ, ನೂರಕ್ಕೆ 18.7. ಚಿತ್ರಮಂದಿರದ ಟಿಕೆಟ್ಟುಗಳಲ್ಲಿ ಸುಮಾರು ಕಾಲು ಭಾಗ ಕೊಳ್ಳುವವರು ಇವರೇ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2007ರಿಂದ 2018ರವರೆಗಿನ 1,200 ಜನಪ್ರಿಯ ಚಿತ್ರಗಳನ್ನು ಜಾಲಾಡಿದರು. ಮಾತಾಡುವ ಪಾತ್ರಗಳಲ್ಲಿ ಲ್ಯಾಟಿನೊಗಳು ನೂರಕ್ಕೆ 4.5. ಮುಖ್ಯ ಪಾತ್ರದಲ್ಲಿ ಇದ್ದ ಚಿತ್ರಗಳು ನೂರಕ್ಕೆ 3. ದುಡ್ಡು ಕೊಡುವಾಗ ಮುಂದಿನ ಸಾಲು, ತೆರೆಯ ಮೇಲೆ ಹಿಂದಿನ ಬೆಂಚು. ಕಿರುತೆರೆಯಲ್ಲಿ ಬಂದ ಒಂದೆರಡು ಒಳ್ಳೆಯವಕ್ಕೂ ಆಯಸ್ಸು ಕಡಿಮೆ. ಲಾಸ್ ಏಂಜಲೀಸ್‌ನ ಕ್ಯೂಬನ್ ಕುಟುಂಬವೊಂದರ ಕಥೆ ‘ಒನ್ ಡೇ ಅಟ್ ಎ ಟೈಮ್’ ಎಲ್ಲರ ಮೆಚ್ಚುಗೆ ಪಡೆದರೂ ಮೂರು ಕಂತುಮಾಲೆ ಮುಗಿಯುತ್ತಲೇ 2019ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿತು. ಅಭಿಮಾನಿಗಳು ಬೊಬ್ಬೆ ಹಾಕಿ ಬೇರೆ ವಾಹಿನಿಗೆ ಸೇರಿಸಿದರು. ಅಲ್ಲೂ ಒಂದು ವರ್ಷ ಅಷ್ಟೆ.

ಇಷ್ಟು ಹೇಳಿದ ಮೇಲೆ ನೀವು ಮುಷ್ಟಿ ಬಿಗಿ ಹಿಡಿದಿರುತ್ತೀರಿ. ಹಿಡಿಯಿರಿ. ಆದರೆ ಏಟು ಯಾರ ಮೇಲೆ ಬೀಳಬೇಕು ಎಂಬುದನ್ನು ನೋಡಿಕೊಂಡು ಹಿಡಿಯಿರಿ. ಏಕೆಂದರೆ ‘ಎಮಿಲಿಯಾ ಪೆರೆಸ್’ ಗಲಾಟೆಯಲ್ಲಿ ಒಂದು ಏಟು ತಪ್ಪು ಬೆನ್ನಿಗೆ ಬಿತ್ತು.

ಚಿತ್ರದಲ್ಲಿ ದಂಧೆ ದೊರೆಯ ಹೆಂಡತಿಯಾಗಿ ನಟಿಸಿದವರು ಸೆಲೀನಾ ಗೋಮೆಸ್. ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದವರು, ತಂದೆಯ ಕಡೆಯಿಂದ ಮೆಕ್ಸಿಕನ್ ಮೂಲ. ಅವರ ಸ್ಪ್ಯಾನಿಷ್ ತೊದಲುತ್ತದೆ. ಮೆಕ್ಸಿಕೋದ ಹೆಸರಾಂತ ಹಾಸ್ಯನಟ ಎವುಹೆನಿಯೊ ದೆರ್ಬೆಸ್ ಅದನ್ನು ಕಠಿಣವಾಗಿ ಟೀಕಿಸಿದರು. ಸಿಕ್ಕ ಸಮಯದಲ್ಲಿ ನನ್ನ ಕೈಲಾದದ್ದು ಮಾಡಿದೆ ಎಂದು ಗೋಮೆಸ್ ಉತ್ತರ ಕೊಟ್ಟರು. ದೆರ್ಬೆಸ್ ಕ್ಷಮೆ ಕೇಳಿದರು. ಅಷ್ಟರಲ್ಲಿ ಊರಿಗೆ ಊರೇ ಆ ಹುಡುಗಿಯ ಮಾತನ್ನು ಅಣಕಿಸಿ ಮುಗಿಸಿತ್ತು. ಭಾಷೆ ಬಾರದ ನಿರ್ದೇಶಕನಿಗಿಂತ ಹೆಚ್ಚು ನಗೆಪಾಟಲಾದದ್ದು, ಭಾಷೆ ಕಳೆದುಕೊಂಡ ಮೊಮ್ಮಗಳು!

ಅವಳ ಭಾಷೆ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೇ? ಟೆಕ್ಸಸ್‌ನ ಶಾಲೆಗಳನ್ನು ಕೇಳಬೇಕು. ಆಟದ ಬಯಲಲ್ಲಿ ಸ್ಪ್ಯಾನಿಷ್ ಆಡಿ ಸಿಕ್ಕಿಬಿದ್ದ ಮಕ್ಕಳಿಗೆ ಮರದ ಹಲಗೆಯಿಂದ ಹೊಡೆಯುತ್ತಿದ್ದ ಕಾಲವಿತ್ತು. ಮಾರ್ಫಾ ಎಂಬ ಊರಲ್ಲಿ ಬ್ಲಾಕ್‌ವೆಲ್ ಎಂಬ ಶಾಲೆ. ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆಯಾಗಿ ಕೂರಿಸಿ ಓದಿಸುತ್ತಿದ್ದ ಶಾಲೆ ಅದು. 1954ರಲ್ಲಿ ಅಲ್ಲಿ ಒಂದು ಶವಸಂಸ್ಕಾರ ನಡೆಯಿತು. ಸತ್ತವನು ‘ಮಿಸ್ಟರ್ ಸ್ಪ್ಯಾನಿಷ್’. ಮಕ್ಕಳ ಕೈಯಿಂದಲೇ ಚೀಟಿ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಶಾಲೆಯ ಅಂಗಳದಲ್ಲಿ ಹೂಳಿಸಿದರು. ನಿಮ್ಮ ತಾಯಿಯ ಮಾತನ್ನು ನಿಮ್ಮ ಕೈಯಿಂದಲೇ ಮಣ್ಣು ಮಾಡಿಸುವುದು! ಹಾಗೆ ಹೂತವರು ಬೆಳೆದು ಅಪ್ಪ ಅಮ್ಮ ಆದರು. ನಾವು ತಿಂದ ಏಟು ಮಕ್ಕಳಿಗೆ ಬೇಡ ಎಂದು ಎಷ್ಟೋ ಮಂದಿ ಮನೆಯಲ್ಲೂ ಇಂಗ್ಲಿಷ್ ಆಡಿದರು. 2007ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು, ತಲೆ ನರೆತವರು, ಒಟ್ಟು ಸೇರಿ ಮಣ್ಣಿನೊಳಗಿನಿಂದ ಸ್ಪ್ಯಾನಿಷ್ ನಿಘಂಟೊಂದನ್ನು ಮೇಲೆತ್ತುವ ಸಮಾರಂಭ ಮಾಡಿದರು. ಆ ಶಾಲೆ ಈಗ ರಾಷ್ಟ್ರೀಯ ಐತಿಹಾಸಿಕ ತಾಣ.

ಗೋಮೆಸ್‌ಗೆ ಸೆಲೀನಾ ಎಂಬ ಹೆಸರು ಬಂದದ್ದೂ ಇದೇ ನೆಲದ ಇನ್ನೊಬ್ಬ ಹುಡುಗಿಯಿಂದ. ಗಾಯಕಿ ಸೆಲೀನಾ ಕಿಂತನಿಯಾ. 1971ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವಳು. ಸ್ಪ್ಯಾನಿಷ್ ಹಾಡುಗಳನ್ನು ಮೊದಮೊದಲು ಅಪ್ಪ ಹೇಳಿಕೊಟ್ಟಂತೆ ಬಾಯಿಪಾಠ ಮಾಡಿ ಹಾಡಿದಳು, ಮಾತು ಕಲಿತದ್ದು ಆಮೇಲೆ. ಮೆಕ್ಸಿಕೋದ ಪತ್ರಕರ್ತರ ಮುಂದೆ ಎಡವುತ್ತ ಸ್ಪ್ಯಾನಿಷ್ ಆಡಿಯೂ ಅವರ ಮನಸ್ಸು ಗೆದ್ದಳು. 1995ರ ಮಾರ್ಚ್ 31ರಂದು ಗುಂಡೇಟಿಗೆ ಬಲಿಯಾದಾಗ ಅವಳಿಗೆ 23. 1997ರಲ್ಲಿ ಅವಳ ಬದುಕು ಚಿತ್ರವಾಯಿತು; ಪಾತ್ರ ಪೋರ್ಟೊ ರಿಕೋ ಮೂಲದ ಜೆನಿಫರ್ ಲೋಪೆಸ್‌ಗೆ ಹೋದಾಗ ಮೆಕ್ಸಿಕನ್ ಮೂಲದವರು ಪ್ರತಿಭಟಿಸಿದರು. ಆದರೂ ಆ ಚಿತ್ರ ಜನರ ಮನಸ್ಸಿನಲ್ಲಿ ಉಳಿದಿದೆ. ಯಾಕೆ? ಬರೆದು ನಿರ್ದೇಶಿಸಿದ ಗ್ರೆಗರಿ ನಾವಾಗೆ ಆ ಎಡವುವ ನಾಲಗೆ ಗೊತ್ತಿತ್ತು. ಅಮೆರಿಕದವರಿಗೂ ಪರೀಕ್ಷೆ ಕೊಡಬೇಕು, ಮೆಕ್ಸಿಕೋದವರಿಗೂ ಕೊಡಬೇಕು, ಸುಸ್ತಾಗುತ್ತದೆ ಎಂದು ಅಪ್ಪ ಮಕ್ಕಳ ಮುಂದೆ ಗೊಣಗುವ ದೃಶ್ಯ ಅದರಲ್ಲಿದೆ. ತೊದಲುವುದೇ ಅಲ್ಲಿ ಸತ್ಯ. ಗೋಮೆಸ್‌ಳ ತೊದಲನ್ನೂ ಹಾಗೆ ಕಥೆಯೊಳಗೆ ಬಳಸಬಹುದಿತ್ತು. ಅಮೆರಿಕದಲ್ಲಿ ಬೆಳೆದವಳು ಎಂದು ಪಾತ್ರವನ್ನು ಅರ್ಧಂಬರ್ಧ ತಿದ್ದಿದ್ದೂ ಹೌದು. ಆದರೆ ಅವಳ ಬಾಯಿಗೆ ಇಟ್ಟ ಸಂಭಾಷಣೆ ಆ ತೊದಲಿಗೆ ಹೊಂದುತ್ತದೆಯೇ ಇಲ್ಲವೇ ಎಂದು ಕೇಳಿಸಿಕೊಳ್ಳಲು ನಿರ್ದೇಶಕನಿಗೆ ಕಿವಿ ಬೇಕಿತ್ತಲ್ಲ!

ಇನ್ನು, ಕೂಗಿದರೆ ಏನಾಗುತ್ತದೆ ಎನ್ನುವ ಸಿನಿಕರಿಗೆ ಒಂದು ಮಾತು. 1967ರಿಂದ ಚಿಪ್ಸ್ ಕಂಪನಿಯೊಂದು ‘ಫ್ರಿಟೊ ಬ್ಯಾಂಡಿಟೊ’ ಎಂಬ ಮೀಸೆಯ ಮೆಕ್ಸಿಕನ್ ಕಳ್ಳನನ್ನು ಟೀವಿ ಜಾಹೀರಾತಿನಲ್ಲಿ ಕುಣಿಸುತ್ತಿತ್ತು. ಸಂಘಟನೆಗಳು ಬೆನ್ನು ಬಿದ್ದವು, 1971ಕ್ಕೆ ಕಳ್ಳ ಮಾಯ. ನಟ ರಿಕಾರ್ಡೊ ಮೊಂತಲ್ಬಾನ್ 1970ರಲ್ಲಿ ‘ನೊಸೊತ್ರೋಸ್’, ಅಂದರೆ ‘ನಾವು’, ಎಂಬ ಸಂಘ ಕಟ್ಟಿದರು. ಅದಕ್ಕಾಗಿ ತನಗೆ ಬರುತ್ತಿದ್ದ ಅವಕಾಶಗಳು ತಪ್ಪಿದರೂ ಹಿಂಜರಿಯಲಿಲ್ಲ. 2013ರಲ್ಲಿ ಡಿಸ್ನಿ ಕಂಪನಿ ಮೆಕ್ಸಿಕೋದ ಪಿತೃಗಳ ಹಬ್ಬ ‘ದಿಯಾ ದೆ ಲೋಸ್ ಮುಎರ್ತೋಸ್’ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತು. ನಮ್ಮ ಮಹಾಲಯ ಅಮಾವಾಸ್ಯೆಗೆ ಯಾರೋ ಪೇಟೆಂಟ್ ಕೇಳಿದ ಹಾಗೆ! ವ್ಯಂಗ್ಯಚಿತ್ರಕಾರ ಲಾಲೊ ಅಲ್ಕರಾಸ್ ಮಿಕ್ಕಿ ಇಲಿಯನ್ನು ಅಸ್ಥಿಪಂಜರದ ದೈತ್ಯನಾಗಿ ಚಿತ್ರಿಸಿದರು. ಸಹಿ ಸಂಗ್ರಹ ನಡೆಯಿತು. ಅರ್ಜಿ ಹಿಂದಕ್ಕೆ ಹೋಯಿತು. ಮುಂದೆ ಅದೇ ಕಂಪನಿ ಅದೇ ಅಲ್ಕರಾಸ್‌ರನ್ನು ಸಲಹೆಗಾರರಾಗಿ ಕರೆಸಿಕೊಂಡಿತು. 2017ರ ‘ಕೋಕೊ’ ಆಗ ಮೆಕ್ಸಿಕೋದಲ್ಲಿ ಅಲ್ಲಿಯವರೆಗಿನ ಎಲ್ಲ ಚಿತ್ರಗಳ ಗಳಿಕೆಯನ್ನು ಮೀರಿಸಿತು. 2021ರಲ್ಲಿ ಸ್ಪೀಲ್‌ಬರ್ಗ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಮತ್ತೆ ತೆಗೆದಾಗ ಲ್ಯಾಟಿನೊ ಪಾತ್ರಗಳಿಗೆ ಲ್ಯಾಟಿನೊ ಮೂಲದವರನ್ನೇ ಹಾಕಿದರು. ಸ್ಪ್ಯಾನಿಷ್ ಸಂಭಾಷಣೆಗೆ ಇಂಗ್ಲಿಷ್ ಅಡಿಬರಹವನ್ನು ಬೇಕೆಂದೇ ಕೊಡಲಿಲ್ಲ. ಅರ್ಥವಾಗದವರು ಮುಖ ನೋಡಿ ಅರ್ಥ ಮಾಡಿಕೊಳ್ಳಲಿ!

ಲ್ಯಾಟಿನೊಗಳೇ ಚಿತ್ರ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. ಮೆಕ್ಸಿಕೋದ ಟೀವಿ ಧಾರಾವಾಹಿಗಳಲ್ಲಿ ದಶಕಗಟ್ಟಲೆ ನಾಯಕ-ನಾಯಕಿಯರು ಬಿಳಿ ತೊಗಲಿನವರು, ಮನೆಗೆಲಸದವಳು ಮಾತ್ರ ಕಂದು. 2021ರ ‘ಇನ್ ದ ಹೈಟ್ಸ್’ನಲ್ಲಿ ನ್ಯೂಯಾರ್ಕಿನ ಡೊಮಿನಿಕನ್ ಬಡಾವಣೆಯ ಕಥೆ ಹೇಳುತ್ತ ಕಪ್ಪು ಲ್ಯಾಟಿನೊಗಳನ್ನು ಮುಖ್ಯ ಪಾತ್ರಗಳಿಂದ ಹೊರಗಿಟ್ಟಿರಿ ಎಂದು ಜನ ಕೇಳಿದಾಗ ಲಿನ್ ಮ್ಯಾನುಯೆಲ್ ಮಿರಾಂಡಾ ಕ್ಷಮೆ ಕೇಳಿದರು.

2018ರಲ್ಲಿ ಅಲ್ಫೊನ್ಸೊ ಕ್ವಾರೋನ್ ಮಾಡಿದ ‘ರೋಮಾ’ದಲ್ಲಿ ಆ ಕಂದು ಮೈಯ ಮನೆಗೆಲಸದವಳೇ ನಾಯಕಿ. ಚಿತ್ರ ಮೆಕ್ಸಿಕೋದ ಸ್ಪ್ಯಾನಿಷಿನಲ್ಲಿದೆ. ಸ್ಪೇನ್ ದೇಶದಲ್ಲಿ ತೋರಿಸುವಾಗ ನೆಟ್‌ಫ್ಲಿಕ್ಸ್ ಏನು ಮಾಡಿತು ಗೊತ್ತೇ? ಸ್ಪ್ಯಾನಿಷ್ ಮಾತಿಗೆ ಸ್ಪ್ಯಾನಿಷ್ ಅಡಿಬರಹ ಹಾಕಿತು! ‘ಮಮಾ’ ಎಂದರೆ ಕೆಳಗೆ ‘ಮಾದ್ರೆ’. ಮೆಕ್ಸಿಕೋದ ಮಕ್ಕಳು ತಿನ್ನುವ ತಿಂಡಿಯ ಹೆಸರನ್ನೂ ಬದಲಿಸಿ ಸ್ಪೇನಿನ ತಿಂಡಿ ಬರೆದರು. ಅಮ್ಮ ಎಂದದ್ದನ್ನು ‘ಮಾತೆ’ ಎಂದು ತಿದ್ದಿದ ಹಾಗೆ. ಕ್ವಾರೋನ್ ಸಿಡಿದೆದ್ದರು, 2019ರ ಜನವರಿಯಲ್ಲಿ ಆ ಅಡಿಬರಹವನ್ನು ಕಿತ್ತು ಹಾಕಿದರು.

ಆ ಚಿತ್ರದ ನಾಯಕಿ ಯಲಿತ್ಸಾ ಅಪರಿಸಿಯೊ, ವಹಾಕಾ ಪ್ರಾಂತದ ಹುಡುಗಿ, ಶಿಶುವಿಹಾರದ ಮೇಷ್ಟರಾಗಲು ಓದಿದವಳು, ಮೊದಲು ನಟಿಸಿದವಳೇ ಅಲ್ಲ. ಶ್ರೇಷ್ಠ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಮೆಕ್ಸಿಕನ್ ಮೂಲನಿವಾಸಿ ಹೆಣ್ಣು. ಆಗ ಮೆಕ್ಸಿಕೋದ ಧಾರಾವಾಹಿ ನಟನೊಬ್ಬ ಅವಳ ಜಾತಿ ಹಿಡಿದು ಹೀನಾಯವಾಗಿ ಬೈದ ವಿಡಿಯೋ ಹೊರಬಂದು, ಆತ ಕ್ಷಮೆ ಕೇಳಬೇಕಾಯಿತು. ತಂದೆ ಮಿಶ್ಟೆಕ್ ಜನಾಂಗದವರು, ತಾಯಿ ತ್ರಿಕಿ. ಆದರೂ ಚಿತ್ರದಲ್ಲಿ ಆಡಬೇಕಾದ ಮಿಶ್ಟೆಕ್ ಮಾತು ಅವಳಿಗೆ ಬರುತ್ತಿರಲಿಲ್ಲ. ಈ ಸಲ ಯಾರೂ ಕರಿಹಲಗೆಯ ಮೇಲೆ ಬರೆದು ತೋರಿಸಲಿಲ್ಲ. ಚಿತ್ರದಲ್ಲಿ ಇನ್ನೊಬ್ಬ ಕೆಲಸದವಳಾಗಿ ನಟಿಸಿದ, ಅವಳ ಊರಿನ ಗೆಳತಿ ನ್ಯಾನ್ಸಿ ಗಾರ್ಸಿಯಾ ಪಕ್ಕದಲ್ಲಿ ಕೂತು, ಒಂದೊಂದೇ ಮಾತು ಹೇಳಿಕೊಟ್ಟಳು.